ಮುಚ್ಚಳದ ಮೇಲಿನ ಹೆಸರು

“ತಡಿ ತಂಗಿ, ಮುಚ್ಚಳ ಬಿಚ್ಚಿ ನೋಡೀಯೇನು?”

ಬೆಟಗೇರಿಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ನನ್ನ ಔಷಧಿ ಸಿಂಪಡಿಸುವ ಡ್ರೋನಿನ ಹಾರಾಟ ನಿಯಂತ್ರಿಸುವ ಬೋರ್ಡಿಗೆ ಹೊಸ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಹಾಕಲು ಇನ್ನೇನು ಬಟನ್ ಒತ್ತಬೇಕು, ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹಾಗೆ ಕೇಳಿದರು. ಸೀರೆ ನೇಯುವವರು, ಜೆರಾಕ್ಸ್ ಮಾಡಿಸಲು ಬಂದಿದ್ದರು. ಗಾಳಿಯಲ್ಲಿ ವಾಲಾಡತೊಡಗಿದ್ದ ಆ ಡ್ರೋನು ಮರುದಿನ ಬೆಳಿಗ್ಗೆ ಮುಳಗುಂದದ ಮೆಣಸಿನಕಾಯಿ ಹೊಲದಲ್ಲಿ ಹಾರಬೇಕಿತ್ತು. ನನಗೆ ಅವಸರ. ಸ್ವಲ್ಪ ಸಿಟ್ಟೂ ಬಂತು.

“ಬೋರ್ಡಿನ ಹೆಸರು ಮುಚ್ಚಳದ ಮ್ಯಾಲೇ ಬರದೈತಲ್ರಿ ಕಾಕಾ, ಅದಕ್ಕ ಹೊಂದೋ ಫರ್ಮ್‌ವೇರೇ ಹಾಕಾಕತ್ತೀನಿ,” ಎಂದೆ.

“ಸೀರಿ ಚೀಟಿ ಮ್ಯಾಲೂ ರೇಷ್ಮಿ ಅಂತ ಬರದಿರ್ತೈತಿ. ನಾವು ಅಂಚಿನ ಎಳಿ ಜಗ್ಗಿ ನೋಡ್ತೀವಿ.”

ಅರೆಮನಸ್ಸಿನಿಂದಲೇ ಮುಚ್ಚಳ ಬಿಚ್ಚಿದೆ. ಅವರು ಜೇಬಿನಿಂದ, ಎಳೆ ಎಣಿಸಲು ಇಟ್ಟುಕೊಂಡಿದ್ದ ಪುಟ್ಟ ಭೂತಗನ್ನಡಿ ತೆಗೆದುಕೊಟ್ಟರು. ಅದರಲ್ಲಿ ನೋಡಿದರೆ ಬೋರ್ಡಿನ ಮೇಲೆ ಬೇರೆಯದೇ ಹೆಸರು! ಹಿಂದೆ ಯಾರೋ ರಿಪೇರಿ ಮಾಡುವಾಗ ಬೋರ್ಡು ಬದಲಿಸಿ, ಹಳೆಯ ಮುಚ್ಚಳವನ್ನೇ ಕೂರಿಸಿದ್ದರು. ಮುಚ್ಚಳ ನಂಬಿ ಫರ್ಮ್‌ವೇರ್ ಹಾಕಿದ್ದರೆ ನನ್ನ ಡ್ರೋನು ನೆಲ ಬಿಟ್ಟು ಏಳುತ್ತಿರಲಿಲ್ಲ.

ಸರಿಯಾದದ್ದನ್ನು ಹುಡುಕಿ ಹಾಕಿ ತಲೆಯೆತ್ತಿದಾಗ ಅವರು ಹೋಗಿಬಿಟ್ಟಿದ್ದರು. ಭೂತಗನ್ನಡಿ ನನ್ನ ಕೈಯಲ್ಲೇ ಇತ್ತು.

ಮರುದಿನ ಡ್ರೋನು ಹೊಲದ ಮೇಲೆ ಒಂದಿಷ್ಟೂ ವಾಲದೆ ಹಾರಿತು. ಬೋರ್ಡಿನ ಹೆಸರನ್ನು ಒಂದಕ್ಷರ ಬಿಡದೆ ಬರೆದುಕೊಂಡ ನಾನು, ಆ ಕಾಕಾನ ಹೆಸರು ಕೇಳಿರಲಿಲ್ಲ. ಈಗ ಬೆಟಗೇರಿಗೆ ಹೋದಾಗಲೆಲ್ಲ ಮಗ್ಗದ ಸದ್ದು ಕೇಳಿದ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತೇನೆ: “ಈ ಭೂತಗನ್ನಡಿ ನಿಮ್ಮ ಮನ್ಯಾವ್ರದೇನ್ರಿ?”