ಮಗುಚಿದ ಪಟ್ಟಿ

ನಿಮ್ಮ ಕಣ್ಣು ಕೆಟ್ಟಿರಲಿಲ್ಲ, ಮಾವಾ. ಸುಳ್ಳು ಹೇಳಿದವಳು ನಾನು.

ಮೊನ್ನೆ ನಿಮ್ಮ ಮೊಮ್ಮಗಳ ಕಂಪ್ಯೂಟರಿನಲ್ಲಿ ಒಂದು ಫೈಲು ಏನು ಮಾಡಿದರೂ ತೆರೆಯಲಿಲ್ಲ. ಸರಿಮಾಡಲು ಬಂದ ಹೆಣ್ಣುಮಗಳು ಕುಳಿತವಳೇ ಕೇಳಿದಳು: "ಬಂದ್ ಬೀಳೂಕಿಂತ ಮೊದಲ ಇದನ್ನ ಯಾರು ಮುಟ್ಟಿದ್ರಿ?" ನೀವು ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ...

ಎಪ್ಪತ್ತರ ದಶಕ. ನಾನು ತಡವಳದಿಂದ ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದು ವರ್ಷವಾಗಿತ್ತು. ಸಾವಕಾರರ ಚಾದರ ಮಗ್ಗಗಳಿಗೆ ನೀವು ಮನೆಯಲ್ಲೇ ರಟ್ಟಿನ ಪಟ್ಟಿ ಕೊರೆಯುತ್ತಿದ್ದಿರಿ. ಯಾವ ನೂಲು ಏಳಬೇಕು, ಯಾವುದು ಸುಮ್ಮನಿರಬೇಕು ಎಂದು ಮಗ್ಗಕ್ಕೆ ಹೇಳುವುದು ಆ ಪಟ್ಟಿಯ ತೂತುಗಳೇ. ಪಟ್ಟಿಗಳನ್ನು ಸಾಲಾಗಿ ದಾರದಿಂದ ಹೆಣೆಯುವ ಕೆಲಸ ನನ್ನದು. ನೀವೇ ಕಲಿಸಿದ್ದು.

ಮಧ್ಯಾಹ್ನ ಪಟ್ಟಿಗಳನ್ನು ಅಂಗಳದ ಹಗ್ಗಕ್ಕೆ ಹಾಕಿದರೆ ಬಿಸಿಲು ತೂತುಗಳಿಂದ ಇಳಿದು ನೆಲದ ತುಂಬ ಚುಕ್ಕಿ. ಗಾಳಿ ಬಂದರೆ ಚುಕ್ಕಿಗಳು ಸರಿಯುತ್ತಿದ್ದವು, ಕೂಡುತ್ತಿದ್ದವು — ನೀವು ಚಾದರಕ್ಕೆಂದು ಕೊರೆದ ನವಿಲು ನೆಲದ ಮೇಲೆ ನಡೆದಾಡುತ್ತಿದೆ ಅನಿಸುತ್ತಿತ್ತು. ಕೆಲಸ ಮರೆತು ನೋಡುತ್ತ ಕೂರುತ್ತಿದ್ದೆ. ಎಷ್ಟು ಹೊತ್ತೋ... ಅವತ್ತೂ ಹಾಗೆ ಮೈಮರೆತಾಗ ತೊಡೆಯ ಮೇಲಿನ ಒಂದು ಪಟ್ಟಿ ಬಟ್ಟೆ ನೆನೆಸಿದ ಬಕೀಟಿಗೆ ಜಾರಿತು.

ನೀವು ಊಟ ಮಾಡಿ ಮಲಗಿದ್ದಿರಿ. ಮೆತ್ತಗಾದ ಪಟ್ಟಿಯನ್ನು ಹೊಸ ರಟ್ಟಿನ ಮೇಲಿಟ್ಟು, ಗುರುತು ಹಾಕಿಕೊಂಡು, ನಿಮ್ಮ ಉಳಿಯಿಂದ ಇನ್ನೊಂದು ಕೊರೆದೆ. ಅಂಕಿ ಬರೆದೆ, ಹೆಣೆದೆ, ಹಳೆಯದನ್ನು ಒಲೆಗೆ ಹಾಕಿದೆ. ಒದ್ದೆ ಪಟ್ಟಿಯನ್ನು ಮಗುಚಿ ಇಟ್ಟಿದ್ದೆನೆಂದು ಆಗ ತಿಳಿಯಲಿಲ್ಲ.

ಮಗ್ಗದ ಮೇಲೆ ನವಿಲು ಬಂತು — ಕುತ್ತಿಗೆಗೆ ಅಡ್ಡ ಒಂದು ಗೆರೆ ಎಳೆಸಿಕೊಂಡು. ನೀವು ಸೂಜಿ ನೋಡಿದಿರಿ, ಕೊಕ್ಕೆ ನೋಡಿದಿರಿ, ದಾರ ಬದಲಿಸಿದಿರಿ. ಗೆರೆ ಹೋಗಲಿಲ್ಲ. ಮೂರನೆಯ ದಿನ ಪಟ್ಟಿಗಳನ್ನು ಮನೆಗೆ ತಂದು ಒಂದೊಂದರ ತೂತು ಎಣಿಸಿದಿರಿ. ಲೆಕ್ಕ ಸರಿಯಿತ್ತು. ಮಗುಚಿದರೆ ತೂತು ಕಡಿಮೆಯಾಗುತ್ತದೆಯೇ? ಕೊನೆಗೆ ನವಿಲಿನ ಮೂಲ ಚಿತ್ರವಿದ್ದ ಚೌಕದ ಹಾಳೆಯ ಪಕ್ಕ ಒಂದು ಪಟ್ಟಿ ಹಿಡಿದು ನನ್ನನ್ನು ಕರೆದಿರಿ. ಅದೇ ಪಟ್ಟಿ.

"ನಿಂಗವ್ವಾ, ನನಗ ಇದು ಉಲ್ಟಾ ಕಾಣಾಕತ್ತೈತಿ. ನಿನ್ನ ಕಣ್ಣು ಚುರುಕ ಅದಾವ, ನೋಡಿ ಹೇಳವ್ವಾ."

ನೋಡಿದೆ. ಉಲ್ಟಾ ಇತ್ತು.

"ಸರಿ ಐತ್ರಿ ಮಾವಾ."

ನೀವು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಿರಿ. "ಹಂಗಾದ್ರ ನನ್ನ ಕಣ್ಣ ಹ್ವಾದ್ವು ಬಿಡು," ಎಂದಿರಿ. ನಗುತ್ತಲೇ ಅಂದಿರಿ. ಆಮೇಲೆ ಉಳಿ ಮುಟ್ಟಲಿಲ್ಲ; ಆ ಪಟ್ಟಿಗಳೂ ಮಗ್ಗಕ್ಕೆ ಮರಳಲಿಲ್ಲ.

ಹೊಸ ಸೊಸೆ, ಹೆದರಿದ್ದೆ ಎನ್ನಬಹುದು — ಎನ್ನುವುದಿಲ್ಲ. ನೀವು ನನ್ನನ್ನು ಒಂದು ದಿನವೂ ಗದರಿದವರಲ್ಲ.

ಆಮೇಲೊಮ್ಮೆ ಅಕ್ಕಲಕೋಟಕ್ಕೆ ಹೊರಟಿದ್ದೆವು, ನೆನಪಿದೆಯೇ? ಸ್ಟ್ಯಾಂಡಿನಲ್ಲಿ ನಿಮ್ಮ ಕಣ್ಣು ಬಸ್ಸಿಗೆ ಹಾಕಿದ್ದ ಊರ ಹೆಸರಿನ ಪಾಟಿಯ ಮೇಲೆ ನಿಂತಿತು, ತುಟಿ ಮೆಲ್ಲಗೆ ಅಕ್ಷರ ಕೂಡಿಸಿತು. ಓದಿಬಿಟ್ಟಿದ್ದಿರಿ ಮಾವಾ, ನಾನು ನೋಡಿದೆ. ಆದರೂ ನನ್ನತ್ತ ತಿರುಗಿದಿರಿ. "ಅಕ್ಕಲಕೋಟದ್ದ ಹೌದೇನವ್ವಾ?"

ಹೌದ್ರಿ ಎಂದೆ. ನಿಮ್ಮ ಕೈ ಹಿಡಿದು ಹತ್ತಿಸಿದೆ. ನೋಡಿದವರು ಎಂಥ ಸೊಸೆ ಎಂದುಕೊಂಡಿರಬೇಕು.

ನೀವು ಹೋಗಿ ಎಷ್ಟೋ ಕಾಲವಾಯಿತು. ನಿಮ್ಮ ಮಗ ಇಂದಿಗೂ ಬಂದವರೆದುರು "ನಮ್ಮಪ್ಪನ ಕಣ್ಣ ಲಗೂನ ಹ್ವಾದ್ವು" ಅನ್ನುತ್ತಾರೆ, ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ. ಆ ಪಟ್ಟಿಗಳ ಗಂಟು ಚೌಕದ ಹಾಳೆಯ ಸಮೇತ ಇನ್ನೂ ಅಟ್ಟದ ಮೇಲಿದೆ. ಇವತ್ತು ಸಂಜೆ ಇಳಿಸಿ, ಆ ಒಂದನ್ನು ಬಿಚ್ಚಿ ಹಾಳೆಯ ಜೊತೆ ನಿಮ್ಮ ಮಗನ ಕೈಗೆ ಕೊಡುತ್ತೇನೆ. ಅದು ಹೇಗೆ ಕಾಣುತ್ತದೆ ಎಂದು ಅವರೇ ಹೇಳಲಿ. ಈ ಸಲ ನಾನು ಏನೂ ಹೇಳುವುದಿಲ್ಲ.