ಮೊದಲ ನಂಬರಿನ ಇಬ್ಬರು ಅಳಿಯಂದಿರು

ನಮ್ಮ ಮಾವನವರಿಗೆ ಈ ಜನ್ಮದಲ್ಲಿ ಬೇಕಾದದ್ದು ಬಹಳ ಏನಿಲ್ಲ. ಬಿಸಿ ರೊಟ್ಟಿ, ಒಂದು ಲೋಟ ಮಜ್ಜಿಗೆ, ಎಲ್ಲಿ ಹೋದರೂ ಮೊದಲ ಟಾವೆಲ್ಲು. ನಮ್ಮ ಕಡೆ ಯಾವುದೇ ಕಾರ್ಯಕ್ರಮವಿರಲಿ, ಹಿರಿಯರ ಹೆಗಲಿಗೆ ಟಾವೆಲ್ಲು ಹೊದಿಸಿ ಕೈಗೊಂದು ತೆಂಗಿನಕಾಯಿ ಕೊಟ್ಟು ಮಾನ ಮಾಡುತ್ತಾರೆ. ಉಂಡ ಹೋಳಿಗೆ ಮರುದಿನಕ್ಕೆ ಮರೆತುಹೋಗುತ್ತದೆ. ಟಾವೆಲ್ಲು ಮೊದಲು ಯಾರ ಹೆಗಲಿಗೆ ಬಿತ್ತು ಎಂಬುದು ಮಾತ್ರ ಹತ್ತು ವರ್ಷವಾದರೂ ಮರೆಯುವುದಿಲ್ಲ.

ಮಾವನವರದು ತಿಕೋಟಾದಲ್ಲಿ ಒಣದ್ರಾಕ್ಷಿ ಅಂಗಡಿ. ಅವರ ಷಡ್ಡಕ, ಅಂದರೆ ನಮ್ಮ ಅತ್ತೆಯ ತಂಗಿಯ ಗಂಡ, ಬಬಲೇಶ್ವರದಲ್ಲಿ ಅದೇ ವ್ಯಾಪಾರ ಮಾಡುತ್ತಾರೆ. ಅವರನ್ನು ನಾನು ಕಾಕಾ ಅನ್ನುತ್ತೇನೆ. ಇಬ್ಬರೂ ನಿಡೋಣಿಯ ಒಂದೇ ಮನೆಯ ಅಳಿಯಂದಿರು. ಮಾವ ಹಿರಿಯ ಮಗಳ ಗಂಡ, ಆದರೆ ವಯಸ್ಸಿನಲ್ಲಿ ಕಾಕಾ ದೊಡ್ಡವರು. ಹಾಗಾದರೆ ಮೊದಲ ಟಾವೆಲ್ಲು ಯಾರಿಗೆ? ಆ ಮನೆಯ ಪ್ರತಿ ಮದುವೆ, ಪ್ರತಿ ಸೀಮಂತದ ಕುಬಸದಲ್ಲೂ ಈ ಪ್ರಶ್ನೆ ಎದ್ದಿದೆ, ಉತ್ತರ ಸಿಗದೆ ಎಲ್ಲರ ಜೊತೆ ಊಟಕ್ಕೆ ಕೂತಿದೆ.

ನನ್ನ ಕೆಲಸ ಅಂಗಡಿಗಳನ್ನು ಜನರ ಫೋನಿನಲ್ಲಿ ಕಾಣುವಂತೆ ಮಾಡುವುದು. ಯಾರೋ ರಸ್ತೆಯಲ್ಲಿ ನಿಂತು 'ಹತ್ತಿರದ ಟೈರ್ ಅಂಗಡಿ' ಎಂದು ಹುಡುಕಿದರೆ ನನ್ನ ಗಿರಾಕಿಯ ಅಂಗಡಿ ಮೇಲಿರಬೇಕು, ತಟ್ಟನೆ ತೆರೆಯಬೇಕು, ಹೆಬ್ಬೆರಳಿಗೆ ಸಿಗುವಲ್ಲಿ ಕರೆ ಮಾಡುವ ಗುಂಡಿ ಇರಬೇಕು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮಾವನವರದೊಂದು ಗೋದಾಮಿದೆ. ಅದರ ಮೇಲಿನ ಕೋಣೆಯೇ ನನ್ನ ಆಫೀಸು. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಬೇಸಿಗೆಯಲ್ಲಿ ತಲೆ ಕಾಯಿಸುವ ತಗಡಿನ ಛಾವಣಿ. ಆದರೂ ಆ ಕೋಣೆಯ ಬೀಗದ ಕೈ ನನ್ನ ಚೀಲದಲ್ಲಿದೆ ಅನ್ನುವುದೇ ನನಗೆ ದೊಡ್ಡ ಸುಖ. ಆ ಸುಖಕ್ಕೇ ಒಂದು ದಿನ ಮಾವ ಕೈ ಹಾಕಿದರು.

"ನೋಡವಾ, ಊರ ಮಂದಿ ಅಂಗಡಿ ಎಲ್ಲಾ ಫೋನಿನ್ಯಾಗ ಮ್ಯಾಲ ತರ್ತಿ. ನಮ್ಮದ ಎಲ್ಲೈತಿ? ದಸರಾದೊಳಗ ನಮ್ಮ ಅಂಗಡಿ ಮೊದಲ ಬರಬೇಕು. ಇಲ್ಲಂದ್ರ ಖೋಲಿ ಖಾಲಿ ಮಾಡು. ರಟ್ಟಿನ ಬಾಕ್ಸ್ ಇಡಾಕ ಜಾಗಾ ಸಾಲವಲ್ದು."

ಅವರ ಅಂಗಡಿಗೆ ಹಳೆಯದೊಂದು ವೆಬ್ ಪುಟ ಇತ್ತು. ಯಾವನೋ ದೊಡ್ಡ ಕಂಪ್ಯೂಟರಿಗೆ ಅಂತ ಮಾಡಿಕೊಟ್ಟದ್ದು. ಫೋನಿನಲ್ಲಿ ತೆರೆದರೆ ಅಕ್ಷರ ಸಾಸಿವೆ ಕಾಳು. ಅದೂ ತೆರೆಯುವ ಹೊತ್ತಿಗೆ ಒಂದು ಕಪ್ ಚಹಾ ಕುಡಿದು ಮುಗಿಸಬಹುದಿತ್ತು. ಯಾಕೆಂದರೆ ಅದರಲ್ಲಿ ಮಾವ ಟಾವೆಲ್ಲು ಹೊದಿಸಿಕೊಳ್ಳುವ ಹನ್ನೆರಡು ದೊಡ್ಡ ಫೋಟೋಗಳಿದ್ದವು, ಒಣದ್ರಾಕ್ಷಿಯದು ಒಂದೂ ಇರಲಿಲ್ಲ. ಹನ್ನೊಂದನ್ನು ತೆಗೆದುಹಾಕಿದೆ. ಮಾವ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಉಳಿದ ಒಂದನ್ನು ಪುಟದ ತೀರ ಕೆಳಗೆ, ಯಾವ ಹೆಬ್ಬೆರಳೂ ತಲುಪದ ಜಾಗದಲ್ಲಿ ಇಟ್ಟೆ.

ಜನ ಹೊಗಳಿ ನಾಲ್ಕು ಮಾತು ಬರೆದರೆ, ಸ್ಟಾರ್ ಕೊಟ್ಟರೆ ಒಳ್ಳೆಯದು ಎಂದು ಬಾಯಿ ತಪ್ಪಿ ಹೇಳಿದೆ. ಅದೇ ತಪ್ಪಾಯಿತು. ಮಾವ ಇಡೀ ಬಳಗಕ್ಕೆ ಹೇಳಿಕಳಿಸಿದರು. ಬಳಗದವರು ಅದನ್ನು ಮದುವೆ ಮುಯ್ಯಿ ಎಂದೇ ತಿಳಿದರು. ಒಬ್ಬರು, 'ಮನೆ ಮಂದಿ ಪರವಾಗಿ ಐದು ಸ್ಟಾರ್, ನಮ್ಮ ಮಗನ ಅಂಗಡಿಗೂ ತಾವು ತಪ್ಪದೆ ಹಾಕಬೇಕು' ಎಂದು ಬರೆದರು. ಇನ್ನೊಬ್ಬರು, 'ಕಾಲುನೋವಿನಿಂದ ಬರಲಾಗಲಿಲ್ಲ, ಕ್ಷಮೆ ಇರಲಿ' ಎಂದು ಬರೆದು ನಾಲ್ಕು ಸ್ಟಾರ್ ಕೊಟ್ಟರು. ಆ ಒಂದು ಸ್ಟಾರ್ ಯಾಕೆ ಕಡಿಮೆಯಾಯಿತು ಎಂದು ಮಾವ ಇವತ್ತಿಗೂ ಅವರ ಮೇಲೆ ಸಿಟ್ಟಾಗಿದ್ದಾರೆ. ಅವನ್ನೆಲ್ಲ ಕಾಡಿ ಬೇಡಿ ಅಳಿಸಿಸಿ, ನಿಜವಾದ ಗಿರಾಕಿಗಳನ್ನು ಹಿಡಿದು ಬರೆಸುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ದಸರಾಕ್ಕೆ ಮುಂಚೆ ಪರೀಕ್ಷೆ ಆಯಿತು. ಮಾವ ಕನ್ನಡಕ ಹಾಕಿಕೊಳ್ಳುವುದಿಲ್ಲ, ಅದು ಮುದುಕರ ಲಕ್ಷಣವಂತೆ. ಅದಕ್ಕೆಂದೇ ರೊಟ್ಟಿಯಷ್ಟು ಅಗಲದ ಟ್ಯಾಬ್ ತಂದು ಅದಕ್ಕೆ ಸಿಮ್ ಹಾಕಿಸಿದ್ದರು. ತಿಕೋಟಾದ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು, ಅದನ್ನು ಎರಡೂ ಕೈಯಲ್ಲಿ ಹಿಡಿದು, "ಚಲೋ ಒಣದ್ರಾಕ್ಷಿ ಎಲ್ಲಿ ಸಿಗತೈತಿ?" ಎಂದು ಗದರಿಸಿದರು. ಅವರ ಅಂಗಡಿಯೇ ಮೊದಲು ಬಂತು.

"ಭಲೇ ನಮ್ಮ ಸೊಸಿ!" ಎಂದರು. "ನಾ ಎಲ್ಲಿವರೆಗೂ ಮೊದಲ ಇರ್ತೀನಿ, ಅಲ್ಲಿವರೆಗೂ ಖೋಲಿ ನಿಂದು." ಓಣಿಗೆಲ್ಲ ಪೇಢೆ ಹಂಚಿದರು. ಬಂದವರಿಗೆಲ್ಲ ಗಾದಿಯ ಮೇಲೆ ಕೂತೇ ತೋರಿಸಿದರು.

ಇಲ್ಲೊಂದು ಗುಟ್ಟಿದೆ. ಇಂಥ ಹುಡುಕಾಟದಲ್ಲಿ ಫೋನು ಹುಡುಕುವವನು ನಿಂತ ಜಾಗ ನೋಡಿ ಹತ್ತಿರದ ಅಂಗಡಿಯನ್ನು ಮೇಲೆ ತೋರಿಸುತ್ತದೆ. ತನ್ನ ಗಾದಿಯ ಮೇಲೆ ಕೂತು ಹುಡುಕಿದರೆ ತನ್ನ ಅಂಗಡಿ ಮೊದಲು ಬರುವುದರಲ್ಲಿ ಏನು ಹೆಚ್ಚುಗಾರಿಕೆ? ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ಮಾವ ಮನೆಯನ್ನಂತೂ ಗೆದ್ದಿದ್ದರು, ಮಾರಿನ ಸುದ್ದಿ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ನನ್ನ ಕೋಣೆ ಬೇಕಾಗಿತ್ತು.

ಪೇಢೆಯ ಸುದ್ದಿ ಬಬಲೇಶ್ವರಕ್ಕೆ ಮುಟ್ಟಲು ಎಷ್ಟು ಹೊತ್ತು? ನಾಲ್ಕೇ ದಿನದಲ್ಲಿ ಕಾಕಾ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. "ಯವ್ವಾ, ನಾನೂ ನಿನಗ ಪರಕೀನೇನಲ್ಲ. ಅವನಕಿಂತ ಮ್ಯಾಲ ಬರಬೇಕು ನೋಡು, ಅಷ್ಟ." ಬೇಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ಕಾಕಾ ನೆಟ್ಟಗೆ ತಮ್ಮ ಅಂಗಡಿಯಲ್ಲಿ ಕೂತರೆ ಆಯಿತಲ್ಲ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಎಂಬ ಲೆಕ್ಕ ನನ್ನದು. ಹಾಗೇ ಆಯಿತು. ತಿಕೋಟಾದಲ್ಲಿ ಮಾವ ಮೊದಲು, ಬಬಲೇಶ್ವರದಲ್ಲಿ ಕಾಕಾ ಮೊದಲು. ಇಬ್ಬರೂ ಮೀಸೆ ತಿರುವಿಕೊಂಡು ಸುಖವಾಗಿದ್ದರು. ಇಬ್ಬರೂ ಮಾತು ಬಿಟ್ಟಿದ್ದರಿಂದ ಒಬ್ಬರ ಅಂಗಡಿಗೆ ಇನ್ನೊಬ್ಬರು ಹೋಗುವ ಭಯವಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆ ದಿನಗಳಲ್ಲಿ ಅತ್ತೆ ಆಗಾಗ ನನಗೆ ಬುತ್ತಿ ತಂದುಕೊಟ್ಟು ಆಫೀಸಿನ ಮೂಲೆಯಲ್ಲಿ ಕೂತಿರುತ್ತಿದ್ದರು. ಮಡಿಲಲ್ಲಿ ಒಂದು ಮೊರ, ಅದರಲ್ಲಿ ಒಣದ್ರಾಕ್ಷಿ. ಕಡ್ಡಿ ಆರಿಸುತ್ತ ಸುಮ್ಮನೆ ಇರುವರು. ಒಮ್ಮೆ ಮಾತ್ರ, "ನನಗೂ ಇಂಥಾದ್ದೊಂದು ಮಾಡಿಕೊಡವಾ" ಎಂದರು. ನಾನು ನಕ್ಕು, "ನಿಮಗ್ಯಾಕ ಬೇಕ್ರಿ ಅತ್ತಿ?" ಅಂದೆ. ಅವರೂ ನಕ್ಕರು.

ಕಾರ್ತಿಕದಲ್ಲಿ ನಿಡೋಣಿಯ ಮನೆಯ ವಾಸ್ತುಶಾಂತಿ ಬಂತು. ಅತ್ತೆಯ ತಮ್ಮ ಹೊಸ ಮನೆ ಕಟ್ಟಿಸಿದ್ದ. ಪೂಜೆ ಮುಗಿದು, ಅವನು ತಾಟಿನಲ್ಲಿ ಎರಡು ಟಾವೆಲ್ಲು, ಎರಡು ತೆಂಗಿನಕಾಯಿ ಹಿಡಿದು ಪಡಸಾಲೆಗೆ ಬಂದು, ಇಬ್ಬರು ಭಾವಂದಿರ ನಡುವೆ ಬಡಪಾಯಿ ಹಾಗೆ ನಿಂತ.

"ಮೊದಲ ನನಗ. ಫೋನಿನ್ಯಾಗೂ ನಾನ ಮೊದಲ ಅದೀನಿ, ಬೇಕಾದ್ರ ನೋಡು" ಎಂದರು ಮಾವ.

"ಏ, ಯಾರ ಹೇಳ್ಯಾರ? ದಿನಾ ಮುಂಜಾನಿ ನೋಡ್ತೀನಿ, ನಾನ ಮೊದಲ!" ಎಂದರು ಕಾಕಾ.

"ತಗೀ ಹಂಗಾದ್ರ!"

"ನೀ ತಗೀ!"

ನಿಡೋಣಿ ಒಬ್ಬರ ಊರೂ ಅಲ್ಲ, ಇನ್ನೊಬ್ಬರ ಊರೂ ಅಲ್ಲ. ಇಲ್ಲಿ ಫೋನು ಯಾರನ್ನು ತೋರಿಸಿದರೂ ನನ್ನ ಬಣ್ಣ ಬಯಲಾಗುತ್ತಿತ್ತು. ನೆಟ್‌ವರ್ಕು ಹೋಗಲಪ್ಪಾ ಎಂದು ಇದ್ದ ದೇವರಿಗೆಲ್ಲ ಹರಕೆ ಹೊತ್ತೆ. ಅವತ್ತು ನಿಡೋಣಿಯಲ್ಲಿ ಎಂದೂ ಇಲ್ಲದ ನೆಟ್‌ವರ್ಕು.

ಮಾವ ಟ್ಯಾಬಿಗೆ ಗದರಿಸಿದರು, ಕಾಕಾ ಫೋನಿಗೆ ಗದರಿಸಿದರು. ಎರಡರಲ್ಲೂ ಮೊದಲು ಬಂದದ್ದು ಒಂದೇ: 'ಅಕ್ಕ-ತಂಗಿಯ ಒಣದ್ರಾಕ್ಷಿ, ನಿಡೋಣಿ.' ಎರಡೇ ಫೋಟೋ, ದಪ್ಪ ಅಕ್ಷರ, ಹೆಬ್ಬೆರಳ ಕೆಳಗೇ ಕರೆ ಮಾಡುವ ಗುಂಡಿ. ಕೆಳಗೆ ಒಬ್ಬ ಗಿರಾಕಿ, 'ಒಂದು ಕಡ್ಡಿ ಸಿಗಲಿಲ್ಲ, ಒಂದು ಹಿಡಿ ಹೆಚ್ಚಿಗೆ ಹಾಕಿದ್ದಾರೆ' ಎಂದು ಬರೆದಿದ್ದ. ಮಾವನವರ ಅಂಗಡಿ ಒಂಬತ್ತನೆಯದು, ಕಾಕಾರದು ಆರನೆಯದು.

"ಯಾರಲೇ ಇವ್ರು ನಡುವ ಬಂದವ್ರು?" ಎಂದು ಕಾಕಾ ಸಿಟ್ಟಿನಿಂದ ಗುಂಡಿ ಒತ್ತಿದರು.

ಅಡಿಗೆಮನೆಯಲ್ಲಿ ಫೋನು ರಿಂಗಾಯಿತು.

ಎರಡೂ ಕೈಗೆ ಹೂರಣ ಮೆತ್ತಿಕೊಂಡ ಅತ್ತೆ ಬಾಗಿಲಿಗೆ ಬಂದರು. ಅವರ ತಂಗಿ ಪಕ್ಕದಲ್ಲಿ ನಿಂತು, ನಾನೆಂದೂ ನೋಡದ ಒಂದು ಫೋನನ್ನು ಅವರ ಕಿವಿಗೆ ಹಿಡಿದಿದ್ದರು. ಪಡಸಾಲೆಯಲ್ಲಿ ನಡೆದದ್ದು ಒಳಗಿನ ಗದ್ದಲದಲ್ಲಿ ಇಬ್ಬರಿಗೂ ಕೇಳಿರಲಿಲ್ಲ.

"ಹಲೋ, ಹೇಳ್ರಿ, ಎಷ್ಟ ಕಿಲೋ ಬೇಕ್ರಿ?" ಎಂದರು ಅತ್ತೆ.

"ಎರಡ ಕಿಲೋ" ಎಂದುಬಿಟ್ಟರು ಕಾಕಾ, ರೂಢಿಯ ಮೇಲೆ.

ಪಡಸಾಲೆಯಲ್ಲಿ ನಗು ಎದ್ದದ್ದು ಎಷ್ಟು ಹೊತ್ತಾದರೂ ಕೂರಲಿಲ್ಲ. ಗಂಡಂದಿರಿಬ್ಬರೂ ಸಣ್ಣ ಕಾಳು ಎಂದು ಬದಿಗೆ ಸರಿಸುತ್ತಿದ್ದ ಮಾಲನ್ನು ಅಕ್ಕ-ತಂಗಿ ಆರಿಸಿ, ತೊಳೆದು ಒಣಗಿಸಿ ತವರಿಗೆ ಕಳಿಸುತ್ತಿದ್ದರು. ತಮ್ಮನ ಹೆಂಡತಿ ಪ್ಯಾಕೆಟ್ ಕಟ್ಟಿ ಮಾರುತ್ತಿದ್ದಳು. ನಿಡೋಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಳಿಯಂದಿರಿಬ್ಬರನ್ನು ಬಿಟ್ಟು.

ಮಾವ ನನ್ನ ಕಡೆ ತಿರುಗಿದರು. "ಇದನ್ನೂ ನೀನ ಮಾಡೀಯೇನು?"

"ಅಕೀನ ಯಾಕ ಕೇಳ್ತೀರಿ?" ಎಂದರು ಅತ್ತೆ. "ಮಾಡಿಕೊಡು ಅಂದ್ರ ನಕ್ಕಳು. ಅಕಿ ಮಂದಿಗೆ ಹೇಳೋದನ್ನ ಮೂಲ್ಯಾಗ ಕುಂತ ಕೇಳಿ ನಾವ ಮಾಡೀವಿ."

ನನಗೆ ನಾಚಿಕೆಯಾಯಿತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ: ಟಾವೆಲ್ಲಿಗಾಗಿ ಬಡಿದಾಡುವ ಇಬ್ಬರನ್ನು ಗಿರಾಕಿಗಳೆಂದು ತಲೆಯ ಮೇಲೆ ಹೊತ್ತುಕೊಂಡಿದ್ದೆ, ನಿಜವಾಗಿ ಮಾರಲು ಮಾಲಿದ್ದವರನ್ನು ಮೂಲೆಯಲ್ಲಿ ನೆಲದ ಮೇಲೆ ಬಿಟ್ಟಿದ್ದೆ. ಇನ್ನು ಮುಚ್ಚಿಡುವ ಮನಸ್ಸಾಗಲಿಲ್ಲ. ಗಾದಿಯ ಮೇಲೆ ಕೂತು ಹುಡುಕುವ ಗುಟ್ಟನ್ನು ಎಲ್ಲರೆದುರೇ ಬಾಯಿಬಿಟ್ಟೆ.

"ಅಂದ್ರ, ನಾ ಮೊದಲ ಇದ್ದದ್ದು ನನ್ನ ಗಾದಿ ಮ್ಯಾಲಷ್ಟ?" ಎಂದರು ಮಾವ.

"ಹೌದ್ರಿ ಮಾವಾರ."

"ಸೋಮವಾರ ಖೋಲಿಗೆ ಬಾಕ್ಸ್ ಕಳಸ್ತೀನಿ" ಎಂದು ಹೇಳಿ ಮುಖ ತಿರುಗಿಸಿದರು. ಅಷ್ಟರಲ್ಲಿ ಅತ್ತೆಯ ತಮ್ಮನಿಗೆ ಧೈರ್ಯ ಬಂತೋ ಏನೋ, ಎರಡೂ ಟಾವೆಲ್ಲನ್ನು ಅಕ್ಕಂದಿರಿಬ್ಬರ ಹೆಗಲಿಗೆ ಹಾಕಿದ. ಅವರು ಅದರಲ್ಲೇ ಕೈಯ ಹೂರಣ ಒರೆಸಿಕೊಂಡು ಒಳಗೆ ಹೋದರು, ಒಲೆಯ ಮೇಲೆ ಹೋಳಿಗೆ ಸೀಯುತ್ತಿತ್ತು.

ಸೋಮವಾರ ಹತ್ತು ಗಂಟೆಗೆ ನಾನು ಮೇಜಿನ ಖಾನೆ ಖಾಲಿ ಮಾಡುತ್ತ ಕೂತಿದ್ದೆ. ಅತ್ತೂ ಆಗಿತ್ತು. ಕೆಳಗೆ ಟೆಂಪೋ ಬಂದು ನಿಂತ ಸಪ್ಪಳವಾಯಿತು. ಅದರ ಹಿಂದೆಯೇ ಮಾವ ಮೆಟ್ಟಿಲು ಹತ್ತಿ ಬಂದು, ಗಿರಾಕಿಗಳು ಕೂರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟ್ಯಾಬನ್ನು ಮೇಜಿನ ಮೇಲಿಟ್ಟರು. ಆ ಕೋಣೆ ಕೊಟ್ಟಾಗಿನಿಂದ ಅವರು ಅಲ್ಲಿ ಕೂತದ್ದು ಅದೇ ಮೊದಲು.

"ಸೊಲ್ಲಾಪುರದಾಗ ನಿಂತಾವಗ ಏನ್ ಕಾಣ್ತೈತಿ, ಅದನ್ನ ತೋರಸು. ಖರೇ ಖರೇ ತೋರಸು."

ಬೇರೆ ಊರಿನಲ್ಲಿ ನಿಂತವರ ಫೋನಿಗೆ ಏನು ಕಾಣುತ್ತದೆ ಎಂದು ಇಲ್ಲಿಂದಲೇ ನೋಡುವ ದಾರಿಯಿದೆ. ಹಾಗೆ ಮಾಡಿ ಟ್ಯಾಬನ್ನು ಅವರ ಮುಂದೆ ಸರಿಸಿದೆ. ಮಾವ ಬೆರಳಿನಿಂದ ಮೇಲೆ ತಳ್ಳಿದರು, ಮತ್ತೆ ತಳ್ಳಿದರು. ಸೊಲ್ಲಾಪುರದ ಅಂಗಡಿಗಳು ಒಂದಾದ ಮೇಲೊಂದು ಸರಿದು ಹೋದವು. ಬಹಳ ಹೊತ್ತಿನ ಮೇಲೆ ಅವರ ಅಂಗಡಿ ಸಿಕ್ಕಿತು. ಅದರ ತಲೆಯ ಮೇಲೆ ಸರಿಯಾಗಿ 'ಅಕ್ಕ-ತಂಗಿಯ ಒಣದ್ರಾಕ್ಷಿ' ಕೂತಿತ್ತು.

ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. "ಇರ್ಲಿ ಬಿಡು, ಮನ್ಯಾಗೂ ಹಿಂಗ ಐತಲ್ಲ" ಎಂದರು, ಮೆಲ್ಲಗೆ.

ಆಮೇಲೆ ಎದ್ದು ಕಿಟಕಿಗೆ ಹೋಗಿ ಟೆಂಪೋದವನಿಗೆ ಕೂಗಿ ಹೇಳಿದರು. "ಏ ತಮ್ಮಾ, ಬಾಕ್ಸ್ ಇಲ್ಲಿ ಇಳಸಬ್ಯಾಡ. ನಿಡೋಣಿಗೆ ಒಯ್ಯಿ. ನಮ್ಮಕೀ ಮಾಲು ಭಾಳ ಹೋಗಾಕತ್ತೈತಿ."