ನಂದಿಬಟ್ಟಲು ರಸ

ಕೆರಗೋಡಿನ ಸುತ್ತ ಯಾರ ಕಣ್ಣನ್ನು ಕಬ್ಬಿನ ಗರಿ ಕುಯ್ದರೂ ಕೆಂಪಾಜಮ್ಮನ ಬಾಗಿಲಿಗೇ ಬರುತ್ತಿದ್ದರು. ಅವಳು ನಂದಿಬಟ್ಟಲು ಹೂವಿನ ರಸ ಹಿಂಡಿ ಕಣ್ಣಿಗೆ ಬಿಡುತ್ತಿದ್ದಳು. ಈ ಸಲ ಕಬ್ಬು ಕಡಿಯುವಾಗ ಗರಿ ಅವಳ ಕಣ್ಣನ್ನೇ ಕುಯ್ಯಿತು. ತನ್ನ ಮದ್ದನ್ನೇ ಬಿಟ್ಟುಕೊಂಡಳು. ಕಣ್ಣು ಕೆನ್ನೆಯವರೆಗೆ ಊದಿಕೊಂಡಾಗ, ಯಾರಿಗೂ ಹೇಳದೆ ಸೆರಗು ಮುಚ್ಚಿಕೊಂಡು ಮಂಡ್ಯದ ಬಸ್ಸು ಹತ್ತಿದಳು.

"ಕಣ್ಣಿಗೆ ಏನು ಹಾಕಿದ್ರಿ?" ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಯಾರೋ ಹೂವಿನ ರಸ ಬುಟ್ರು ಕಣಪ್ಪ," ಎಂದು ಸುಳ್ಳು ಹೇಳಿದಳು.

"ಅದರಿಂದಲೇ ಗಾಯ ಕೀವಾಗಿದೆ. ಇನ್ನೂ ತಡ ಮಾಡಿದ್ದರೆ ಕಣ್ಣೇ ಹೋಗ್ತಿತ್ತು."

ಹೊರಗಿನ ಬೆಂಚಿನ ಮೇಲೆ ಅವಳ ಊರಿನ ಜವರಯ್ಯ ಕೂತಿದ್ದ. ಹೋದ ವರ್ಷ ಅವಳು ರಸ ಬಿಟ್ಟಿದ್ದ ಅವನ ಎಡಗಣ್ಣಲ್ಲಿ ಬಿಳಿ ಹೂ ಬಿದ್ದು ನೋಟ ಹೋಗಿತ್ತು.

"ನಿನ್ ಕೈಗುಣ ಚೆಂದಾಗೇ ಅದೆ ಕಣಕ್ಕ. ನನ್ ಅಣೆಬರವೇ ನೆಟ್ಗಿರ್ನಿಲ್ಲ," ಅಂದ.

ಅವಳು ತಲೆ ಎತ್ತಲಿಲ್ಲ. "ನಿನ್ ಅಣೆಬರ ಅಲ್ಲ ಕಣ್ಲಾ, ನನ್ ರಸ. ಈಗ್ತಾನೆ ಡಾಕ್ಟ್ರು ಯೋಳುದ್ರು."

ಜವರಯ್ಯ ಪಕ್ಕಕ್ಕೆ ಸರಿದು ಅವಳಿಗೆ ಕೂರಲು ಜಾಗ ಮಾಡಿಕೊಟ್ಟ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಆಸ್ಪತ್ರೆಯ ಹನಿಮದ್ದಿನಿಂದ ಅವಳ ಕಣ್ಣು ವಾಸಿಯಾಯಿತು. ಈಗ ಯಾರಾದರೂ ಕಣ್ಣು ಹಿಡಿದುಕೊಂಡು ಬಂದರೆ ತಾನೇ ಬಸ್ಸು ಹತ್ತಿಸಿ ಕಳಿಸುತ್ತಾಳೆ. ಜವರಯ್ಯ ಎದುರಾದರೆ ಮಾತ್ರ, ಆ ಕಣ್ಣು ನೋಡಲಾರದೆ ಬೇರೆ ದಾರಿ ಹಿಡಿಯುತ್ತಾಳೆ.